ಸುಲ್ತಾನನ ತೇಗ, ರಾಣಿಯ ಬಿರುಕು

ಹೊಸ ಮನೆ ಕಟ್ಟಿಸಿ, ಗೃಹಪ್ರವೇಶಕ್ಕೆ ಮುಂಚೆಯೇ ಪೇಂಟರನ್ನು ಕರೆಸಿ, ಗೋಡೆ ಮೇಲೆ ನಾಲ್ಕು ಬಿರುಕು ಬರಿಯಪ್ಪಾ, ಆ ತೊಲೆ ಹುಳ ತಿಂದ ಹಾಗೆ ಕಾಣಬೇಕು ಅಂತ ಹೇಳುವವರನ್ನು ನೀವು ನೋಡಿದ್ದೀರಾ? ನಾನಂತೂ ನೋಡಿಲ್ಲ. ಆದರೆ ಫ್ರಾನ್ಸಿನ ರಾಣಿ ಮಾರಿ ಆಂಟೊನೆಟ್ ಮಾಡಿಸಿದ್ದು ಹೆಚ್ಚುಕಡಿಮೆ ಇದನ್ನೇ.

1783ರಲ್ಲಿ ವರ್ಸೈ ಅರಮನೆಯ ವಿಶಾಲ ತೋಟದ ಒಂದು ಮೂಲೆಯಲ್ಲಿ, ತೋಡಿದ ಕೆರೆಯೊಂದರ ಸುತ್ತ, ರಾಣಿಗಾಗಿ ಒಂದು ಪುಟ್ಟ ಹಳ್ಳಿ ಕಟ್ಟೋದಕ್ಕೆ ಶುರು ಮಾಡಿದರು. ಹೆಸರು ಸರಳ: ರಾಣಿಯ ಹಳ್ಳಿ. ಹುಲ್ಲಿನ ಸೂರು, ಮರದ ಚೌಕಟ್ಟಿನ ಗೋಡೆ, ಹಾಲಿನ ಮನೆ, ಪಾರಿವಾಳದ ಗೂಡು, ಗಿರಣಿ ಎಲ್ಲಾ ಇತ್ತು. ಗಿರಣಿಗೆ ಚಕ್ರ ಇತ್ತು, ಆದರೆ ಕಾಳು ಬೀಸುವ ಕಲ್ಲು ಇರಲಿಲ್ಲ! ವಾಸ್ತುಶಿಲ್ಪಿ ರಿಷಾರ್ ಮೀಕ್. ಅವನಿಗೆ ಪ್ರೇರಣೆ ಕೊಟ್ಟವನು ಯೂಬೇರ್ ರೊಬೇರ್ ಎಂಬ ಚಿತ್ರಕಾರ. ಪಾಳುಬಿದ್ದ ಕಟ್ಟಡಗಳ ಚಿತ್ರ ಬರೆದೇ ಹೆಸರು ಮಾಡಿದ ಮನುಷ್ಯ. ಕಟ್ಟಡ ಏಳುತ್ತಿದ್ದ ಹಾಗೇ ಬಣ್ಣದವರು ಬಂದರು. ಹೊಸ ಗಾರೆಯ ಮೇಲೆ ಸೀಳು ಬರೆದರು, ಇಟ್ಟಿಗೆ ಸವೆದ ಹಾಗೆ ಮಾಡಿದರು, ಮರ ಹುಳ ತಿಂದು ಹಳತಾದ ಹಾಗೆ ಕಾಣಿಸಿದರು. ಒಳಗೆ ಹೋದರೆ ಮಾತ್ರ ಅರಮನೆಯದೇ ಠಾಕುಠೀಕು.

ಈಗ ನಮ್ಮ ಕಡೆಗೆ ಬನ್ನಿ. ಆ ಹಳ್ಳಿಯ ಕೆಲಸ ಶುರುವಾದ ಮರುವರ್ಷ, 1784ರಲ್ಲಿ, ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಪಕ್ಕದ ತೋಟದೊಳಗೆ ಟಿಪ್ಪು ಸುಲ್ತಾನ್ ದರಿಯಾ ದೌಲತ್ ಕಟ್ಟಿಸಿದ. ಶಾಲೆ ಪ್ರವಾಸದಲ್ಲಿ ನಾವೆಲ್ಲ ಸಾಲಾಗಿ ನಡೆದು ನೋಡಿದ್ದೇವಲ್ಲ, ಅದೇ. ಹೇಳಿಕೇಳಿ ಇದೂ ತೋಟದ ಮನೆಯೇ, ಬೇಸಿಗೆ ಕಳೆಯೋದಕ್ಕೆ ಅಂತ ಕಟ್ಟಿಸಿದ್ದು. ಬಹುಪಾಲು ತೇಗದ ಮರ. ಆದರೆ ಒಳಗೆ ಕಾಲಿಟ್ಟು ಸುತ್ತ ನೋಡಿದರೆ ತೇಗ ಎಲ್ಲಿದೆ ಅಂತ ಹುಡುಕಬೇಕು. ಗೋಡೆ, ಕಂಬ, ಕಮಾನು, ಛಾವಣಿ ಎಲ್ಲದರ ಮೇಲೂ ಬಣ್ಣ. ಪಶ್ಚಿಮದ ಗೋಡೆ ತುಂಬ 1780ರ ಪೊಳ್ಳಿಲೂರು ಯುದ್ಧ, ಸೋತ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ. ಉಳಿದ ಕಡೆ ಹೂವು, ಬಳ್ಳಿ. ಬೆರಳಿಡುವಷ್ಟು ಜಾಗವನ್ನೂ ಬರಿದಾಗಿ ಬಿಟ್ಟಿಲ್ಲ.

ಒಂದೇ ದಶಕದ ಎರಡು ತೋಟದ ಮನೆಗಳು. ಒಂದು ಕಡೆ ಹೊಸ ಮರಕ್ಕೆ ಮುಪ್ಪಿನ ವೇಷ, ಇನ್ನೊಂದು ಕಡೆ ಮರಕ್ಕೆ ಮುಪ್ಪೇ ಬರಬಾರದು ಅಂತ ಮೈತುಂಬ ಬಣ್ಣದ ಅಂಗಿ. ಈ ಎರಡು ಊರುಗಳ ನಡುವೆ ಸಂಬಂಧವೂ ಇತ್ತು ಅನ್ನೋದು ಇನ್ನೂ ಸ್ವಾರಸ್ಯ. ಇಂಗ್ಲಿಷರ ವಿರುದ್ಧ ಸಹಾಯ ಕೇಳೋದಕ್ಕೆ ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು 1788ರ ಆಗಸ್ಟ್ 10ರಂದು ವರ್ಸೈನಲ್ಲಿ ಹದಿನಾರನೇ ಲೂಯಿಯ ದರ್ಬಾರಿಗೆ ಹೋದರು. ಸೈನ್ಯ ಸಿಗಲಿಲ್ಲ. ಸೆವ್ರ್ ಪಿಂಗಾಣಿ ಸಿಕ್ಕಿತು, ಕೆಲವು ಕುಶಲಕರ್ಮಿಗಳು ಜೊತೆಗೆ ಬಂದರು. ಶ್ರೀರಂಗಪಟ್ಟಣದವರು ದರ್ಬಾರಿನಲ್ಲಿ ನಿಂತಿದ್ದ ಹೊತ್ತಿಗೆ, ಅದೇ ಆವರಣದ ಇನ್ನೊಂದು ತುದಿಯಲ್ಲಿ ರಾಣಿಯ ಹಳ್ಳಿಯ ಹೊಸ ಗೋಡೆಗಳು ಬರೆದ ಬಿರುಕು ಹೊತ್ತು ನಿಂತಿದ್ದವು.

ಮುಪ್ಪನ್ನು ದುಡ್ಡು ಕೊಟ್ಟು ತರಿಸಿಕೊಳ್ಳುವ ಈ ಹುಚ್ಚು ರಾಣಿ ಒಬ್ಬಳದೇ ಅಲ್ಲ. ಆಗ ಯುರೋಪಿನ ಶ್ರೀಮಂತರಿಗೆಲ್ಲ ಹಿಡಿದಿತ್ತು. 1782ರಲ್ಲಿ ಇಂಗ್ಲೆಂಡಿನ ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ ವೈ ನದಿಯ ಪ್ರವಾಸದ ಪುಸ್ತಕ ಪ್ರಕಟಿಸಿದ. ಪಾಳುಬಿದ್ದ ಟಿಂಟರ್ನ್ ಮಠದ ಗೋಡೆತುದಿಗಳು ತೀರಾ ನೆಟ್ಟಗೆ ಉಳಿದುಬಿಟ್ಟಿವೆ, ಸುತ್ತಿಗೆ ಹಿಡಿದು ಹದವಾಗಿ ಒಡೆದರೆ ಚೆಂದ ಕಾಣುತ್ತೆ ಅಂತ ಅದರಲ್ಲಿ ಸಲಹೆ ಕೊಟ್ಟಿದ್ದಾನೆ! ತೋಟಗಳಲ್ಲಿ ಸಿಪ್ಪೆ ಸುಲಿಯದ ದಿಮ್ಮಿಗಳಿಂದ ಸನ್ಯಾಸಿ ಗುಡಿಸಲು ಕಟ್ಟಿಸೋದು ಇನ್ನೊಂದು ಶೋಕಿ. ಪೇನ್ಸ್‌ಹಿಲ್ ತೋಟದ ಯಜಮಾನ ಗುಡಿಸಲಿನ ಜೊತೆಗೆ ಸಂಬಳದ ಸನ್ಯಾಸಿಯನ್ನೂ ನೇಮಿಸಿದ್ದ, ಅವನು ಮೂರೇ ವಾರಕ್ಕೆ ಹೆಂಡದಂಗಡಿಯಲ್ಲಿ ಸಿಕ್ಕಿಬಿದ್ದ ಅಂತ ಒಂದು ಕಥೆ ಇದೆ. ಸನ್ಯಾಸಿ ಹೇಗಾದರೂ ಇರಲಿ, ಸಿಪ್ಪೆ ಇರುವ ದಿಮ್ಮಿ ಬಾಳಿಕೆ ಬರೋದಿಲ್ಲ. ಸಿಪ್ಪೆಯ ಕೆಳಗೆ ನೀರು ನಿಲ್ಲುತ್ತೆ, ಹುಳ ಸೇರುತ್ತೆ. ಹಳತಾಗಿ ಕಾಣೋದು ಬೇರೆ, ಹಳತಾಗುವವರೆಗೂ ಬದುಕೋದು ಬೇರೆ.

ಹಾಗಾದರೆ ಬಿಸಿಲು ಮಳೆಗೆ ಬಿಟ್ಟ ಮರಕ್ಕೆ ನಿಜಕ್ಕೂ ಏನಾಗುತ್ತೆ? ಮರವನ್ನು ಆರ್‌ಸಿಸಿ ಅಂತ ಅಂದುಕೊಳ್ಳಿ. ಸೆಲ್ಯುಲೋಸ್ ಎಂಬ ನಾರು ಅದರ ಕಬ್ಬಿಣದ ಸರಳು, ಲಿಗ್ನಿನ್ ಎಂಬ ಅಂಟು ಅದರ ಸಿಮೆಂಟು. ಬಿಸಿಲಿನ ನೇರಳಾತೀತ ಕಿರಣ ಮೊದಲು ಹೊಡೆಯೋದು ಈ ಲಿಗ್ನಿನ್ನನ್ನು. ಅಂಟು ಮುರಿದು ಪುಡಿಯಾಗುತ್ತೆ, ಮುಂದಿನ ಮಳೆ ಅದನ್ನು ತೊಳೆದುಕೊಂಡು ಹೋಗುತ್ತೆ. ಉಳಿಯೋದು ಬಿಳಿಚಿಕೊಂಡ ನಾರು. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕಪ್ಪು ಬೂಷ್ಟು ಕೂರುತ್ತೆ. ಬಿಳಿ ಮತ್ತು ಕಪ್ಪು ಸೇರಿ ಬೂದಿ ಬಣ್ಣ. ಒಂದೆರಡು ವರ್ಷಕ್ಕೆಲ್ಲ ತೇಗ, ಹಲಸು, ದೇವದಾರು ಎಲ್ಲ ಒಂದೇ ಬಣ್ಣಕ್ಕೆ ಬಂದು ನಿಲ್ಲುತ್ತವೆ.

ಆದರೆ ಆ ಕಿರಣ ಮರದೊಳಗೆ ಇಳಿಯೋದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇಲ್ಲ. ಆ ತೆಳು ಪದರ ಸವೆದುಹೋದರೆ ಮಾತ್ರ ಮುಂದಿನ ಪದರದ ಸರದಿ. ಪೈನ್, ಸೀಡರ್‌ನಂಥ ಮೆದು ಮರದ ಹಲಗೆಯನ್ನು ಬಣ್ಣವಿಲ್ಲದೆ ಗೋಡೆಗೆ ನೆಟ್ಟಗೆ ಬಡಿದಿದ್ದರೆ ಅದು ಸವೆಯೋದು ನೂರು ವರ್ಷಕ್ಕೆ ಸುಮಾರು 6 ಮಿಲಿಮೀಟರ್ ಅಂತ ಅಮೆರಿಕದ ಅರಣ್ಯ ಉತ್ಪನ್ನ ಪ್ರಯೋಗಾಲಯದವರ ಲೆಕ್ಕ. ಗಟ್ಟಿ ಮರಗಳದ್ದು ಇನ್ನೂ ಕಡಿಮೆ. ಅಂದರೆ ಬೂದಿ ಬಣ್ಣಕ್ಕೆ ತಿರುಗಿದ ಒಂದಿಂಚು ದಪ್ಪದ ಹಲಗೆ ಸಾಯುತ್ತಿಲ್ಲ. ಅದರ ಮೇಲ್ಮೈ ಮಾತ್ರ ಬದಲಾಗಿದೆ.

ಮರವನ್ನು ಕೊಲ್ಲೋದು ಬಿಸಿಲಲ್ಲ, ನಿಂತ ನೀರು. ನೂರು ಗ್ರಾಂ ಒಣ ಮರಕ್ಕೆ ಇಪ್ಪತ್ತು ಗ್ರಾಂಗಿಂತ ಕಡಿಮೆ ನೀರಿದ್ದರೆ ಕೊಳೆಸುವ ಶಿಲೀಂಧ್ರಕ್ಕೆ ಬದುಕು ಕಷ್ಟ. ಅದಕ್ಕಿಂತ ಎಷ್ಟೋ ಹೆಚ್ಚಾಗಿ, ಬಹಳ ದಿನ ನೆನೆದೇ ಇದ್ದರೆ ಅದಕ್ಕೆ ಹಬ್ಬ. ಮಳೆ ಬಂದು ನೆನೆದು ಸಂಜೆಗೆ ಒಣಗಿದ ಹಲಗೆಗೆ ಏನೂ ಆಗೋದಿಲ್ಲ. ಮಣ್ಣಿಗೆ ತಾಗಿದ ಬುಡ, ಗಾಳಿಯಾಡದ ಸಂದು, ಅಡ್ಡ ಕತ್ತರಿಸಿದ ತುದಿ, ಮೊಳೆಯ ಸುತ್ತಲಿನ ತೂತು, ಇವೇ ಅಪಾಯದ ಜಾಗಗಳು. ಕತ್ತರಿಸಿದ ತುದಿಯಲ್ಲಿ ಮರದ ನಾಳಗಳ ಬಾಯಿ ತೆರೆದಿರುತ್ತೆ, ಮರ ಬದುಕಿದ್ದಾಗ ನೀರು ಸಾಗಿದ ದಾರಿ ಅದು. ಸತ್ತ ಮೇಲೂ ನೀರು ಅದೇ ದಾರಿ ಹಿಡಿಯುತ್ತೆ.

ಈ ಕಣ್ಣಿಂದ ನಮ್ಮ ಎರಡು ತೋಟದ ಮನೆಗಳ ಮುಂದಿನ ಕಥೆ ನೋಡಿ. 1789ರಲ್ಲಿ ಕ್ರಾಂತಿಯಾಯಿತು, ರಾಣಿ ವರ್ಸೈ ಬಿಟ್ಟು ಹೋದಳು, ಮತ್ತೆ ಮರಳಲಿಲ್ಲ. ಹಳ್ಳಿಯ ಸೂರು ಹೊದಿಸುವವರಿಲ್ಲ, ದೋಣಿ ಸರಿಮಾಡುವವರಿಲ್ಲ. ಬರೆದ ಬಿರುಕಿನ ಪಕ್ಕ ನಿಜವಾದ ಬಿರುಕು ಬಂತು. 1810ರ ಹೊತ್ತಿಗೆ ನೆಪೋಲಿಯನ್ ತನ್ನ ಹೊಸ ಹೆಂಡತಿಗಾಗಿ ಅದನ್ನು ದುರಸ್ತಿ ಮಾಡಿಸೋದಕ್ಕೆ ಹೊರಟಾಗ ಕೆಲವು ಕಟ್ಟಡ ರಿಪೇರಿಗೂ ಸಿಗಲಿಲ್ಲ. ರಾಣಿ ಕುಣಿತದ ಕೂಟ ಇಡುತ್ತಿದ್ದ ಕಣಜವನ್ನೂ ಹಾಲು ಕಾಯಿಸಿ ಬೆಣ್ಣೆ ತೆಗೆಯುತ್ತಿದ್ದ ಮನೆಯನ್ನೂ ಕೆಡವಿದರು. ಕಟ್ಟಿ ಮೂವತ್ತು ವರ್ಷವೂ ಆಗಿರಲಿಲ್ಲ! ಮುನ್ನೂರು ವರ್ಷದ ಮುಪ್ಪನ್ನು ನಟಿಸಿದ ಕಟ್ಟಡಕ್ಕೆ ಸುಮಾರು ಇಪ್ಪತ್ತು ವರ್ಷದ ಅಲಕ್ಷ್ಯ ಸಾಕಾಯಿತು. ಉಳಿದವನ್ನು 1930ರ ದಶಕದಲ್ಲಿ ಅಮೆರಿಕದ ರಾಕ್‌ಫೆಲರ್ ದುಡ್ಡಿನಲ್ಲಿ ಮತ್ತೆ ಸರಿಮಾಡಿದರು. ರಾಣಿಯ ಸ್ವಂತ ಮನೆ 2018ರಲ್ಲಿ ಇನ್ನೊಮ್ಮೆ ದುರಸ್ತಿಯಾಗಿ ಜನರಿಗೆ ತೆರೆದುಕೊಂಡಿತು.

ದರಿಯಾ ದೌಲತ್ ಕಥೆ ಬೇರೆ. 1799ರ ಮೇ 4ರಂದು ಪಟ್ಟಣ ಬಿತ್ತು, ಟಿಪ್ಪು ಸತ್ತ. ಗೆದ್ದ ಪಾಳಯದ ಆರ್ಥರ್ ವೆಲ್ಲೆಸ್ಲಿ ಇದೇ ತೋಟದ ಮನೆಯಲ್ಲಿ ಬಿಡಾರ ಹೂಡಿದ. ತಮ್ಮವರ ಸೋಲಿನ ಚಿತ್ರದ ಪಕ್ಕದಲ್ಲೇ ಓಡಾಡಿಕೊಂಡು ಇದ್ದ ಅನ್ನಿ. ಆಮೇಲೆ 1850ರ ದಶಕದಲ್ಲಿ, ಡಾಲ್‌ಹೌಸಿ ಗವರ್ನರ್ ಜನರಲ್ ಆಗಿದ್ದಾಗ, ಅವನ ಆದೇಶದ ಮೇಲೆ ಚಿತ್ರಗಳನ್ನು ಮತ್ತೆ ತೀಡಿಸಿದರು. ಇವತ್ತು ಅದು ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ.

ಇಷ್ಟು ವರ್ಷ ಅದನ್ನು ಕಾಪಾಡಿದ್ದು ಬಣ್ಣವಾ? ನಾನೂ ಮೊದಲು ಹಾಗೆ ಕೇಳಿಕೊಂಡೇ ಸುತ್ತು ಹೊಡೆದೆ. ಆದರೆ ಬಣ್ಣವೇ ಇನ್ನೊಬ್ಬರ ರಕ್ಷಣೆಯಲ್ಲಿದೆ. ಕಟ್ಟಡ ನಿಂತಿರೋದು ಎತ್ತರದ ಜಗಲಿಯ ಮೇಲೆ, ನೆಲದ ತೇವ ಮರಕ್ಕೆ ಮುಟ್ಟೋದಿಲ್ಲ. ನಾಲ್ಕೂ ಕಡೆ ಆಳವಾದ ಮೊಗಸಾಲೆ, ಮುಂದಕ್ಕೆ ಚಾಚಿದ ಮಾಡು. ಮಳೆ ಗೋಡೆಯವರೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತೆ. ಈಗ ಸುತ್ತಲೂ ಇಳಿಬಿಟ್ಟ ಹಸಿರು ಪರದೆಗಳಿವೆ. ಪ್ರವಾಸಿಗರು ಫೋಟೋಗೆ ಅಡ್ಡ ಅಂತ ಅವನ್ನು ಬೈಕೊಳ್ತಾರೆ. ಪೊಳ್ಳಿಲೂರಿನ ಕುದುರೆಗಳು ಬಿಳಿಚಿಕೊಳ್ಳದೆ ಉಳಿದಿರೋದಕ್ಕೆ ಆ ಪರದೆಗಳಿಗೂ ಪಾಲಿದೆ. ಬೆಂಗಳೂರು ಕೋಟೆಯ ಪಕ್ಕದ ಬೇಸಿಗೆ ಅರಮನೆಗೂ ಇದೇ ಮಾತು. ಹೈದರ್ ಶುರು ಮಾಡಿ ಟಿಪ್ಪು 1791ರಲ್ಲಿ ಮುಗಿಸಿದ್ದು. ಅಲ್ಲಿ ಬಣ್ಣ ಬಹುಪಾಲು ಹೋಗಿದೆ, ತೇಗದ ಕಂದು ಮೈ ಹಾಗೇ ಕಾಣುತ್ತೆ. ಆದರೂ ಕಂಬಗಳು ಗಟ್ಟಿಯಾಗಿ ನಿಂತಿವೆ, ಯಾಕೆಂದರೆ ಅವುಗಳ ಬುಡ ಕಲ್ಲಿನ ಪೀಠದ ಮೇಲಿದೆ, ತಲೆಯ ಮೇಲೆ ಮಾಡಿದೆ. 1868ರಲ್ಲಿ ಅಠಾರಾ ಕಚೇರಿಗೆ ಹೋಗುವವರೆಗೂ ಸರ್ಕಾರದ ಗುಮಾಸ್ತರು ಅದರೊಳಗೇ ಕೂತು ಕಡತ ಬರೆಯುತ್ತಿದ್ದರು.

ಟಿಪ್ಪುವಿನ ತೇಗದ ಕಥೆ ಇಲ್ಲಿಗೇ ಮುಗಿಯೋದಿಲ್ಲ. ಶ್ರೀರಂಗಪಟ್ಟಣದಲ್ಲಿದ್ದ ಅವನ ವಾಸದ ಅರಮನೆಯನ್ನು ಇಂಗ್ಲಿಷರು ಉಳಿಸಲಿಲ್ಲ. ಅದರ ಮರ ಮಾತ್ರ ಬೆಟ್ಟ ಹತ್ತಿತು. 1829ರಲ್ಲಿ ಊಟಿಯಲ್ಲಿ ಸೇಂಟ್ ಸ್ಟೀಫನ್ಸ್ ಚರ್ಚ್ ಕಟ್ಟೋದಕ್ಕೆ ಶುರು ಮಾಡಿದಾಗ ತೊಲೆಗಳು ಬಂದದ್ದು ಆ ಅರಮನೆಯಿಂದ. ಆನೆಗಳು ಎಳೆದು ತಂದವು ಅಂತ ಈಗಲೂ ಹೇಳ್ತಾರೆ. ಸುಲ್ತಾನನ ತಲೆಯ ಮೇಲಿದ್ದ ತೇಗ ಇಂದಿಗೂ ಊಟಿಯ ಮಂಜಿನಲ್ಲಿ, ಆದರೆ ಸೂರಿನ ಅಡಿಯಲ್ಲಿ, ಬೇರೆ ದೇವರ ಮನೆ ಹೊತ್ತುಕೊಂಡಿದೆ. ಒಣಗಿರುವ ಮರಕ್ಕೆ ರಾಜ್ಯ ಬದಲಾದದ್ದು ಗೊತ್ತಾಗೋದಿಲ್ಲ.

ಆದರೆ ಎಲ್ಲ ತೋಟದ ಮನೆಗೂ ಸುಲ್ತಾನನ ಮೊಗಸಾಲೆ ಇರೋದಿಲ್ಲವಲ್ಲ. ಗೋಡೆಗೇ ಮಳೆ ಹೊಡೆಯುವ ಕಡೆ ಏನು ಮಾಡಬೇಕು? ಇಂಗ್ಲೆಂಡಿನ ಬಡಗಿಗಳು ಕಂಡುಕೊಂಡ ಉತ್ತರ ಹಲಗೆ ಹೊದಿಕೆ. ಮೀನಿನ ಪೊರೆಯ ಹಾಗೆ, ಕೆಳಗಿನ ಹಲಗೆಯ ಮೇಲಂಚನ್ನು ಮೇಲಿನ ಹಲಗೆ ಮುಚ್ಚುವಂತೆ ಬಡಿಯುತ್ತಾ ಹೋಗೋದು. ನೀರು ಜಾರಿ ಹೋಗುತ್ತೆ, ಹಿಂದೆ ಗಾಳಿ ಆಡುತ್ತೆ. ಕೆಳಗಿನ ಹಲಗೆ ಕೆಟ್ಟರೆ ಅದೊಂದನ್ನೇ ಕಿತ್ತು ಹೊಸದು ಹಾಕೋದು. ಮನೆಯನ್ನು ಹೊತ್ತಿರೋದು ಒಳಗಿನ ಚೌಕಟ್ಟು. ಹೊದಿಕೆಯ ಕೆಲಸ ಸವೆಯೋದು. ಅಂಗಿ ಹರಿದರೆ ಮೈ ಉಳಿಯಿತು ಅನ್ನೋ ಲೆಕ್ಕ. ಬೆಂಗಳೂರಿನ ಕಂಟೋನ್ಮೆಂಟ್ ಬಂಗಲೆಗಳ ಕಿಟಕಿ ಮೇಲೆ ಚೂಪು ತಲೆಯ, ಸಪೂರ ಪಟ್ಟಿಗಳ ಮರದ ಕುಲಾವಿ ನೋಡಿದ್ದೀರಲ್ಲ, ಮಂಕಿ ಟಾಪ್ ಅಂತಾರೆ, ಅದೂ ಇದೇ ಜಾತಿಯದು. ಕಿಟಕಿಯ ಬದಲು ತಾನು ನೆನೆಯೋದಕ್ಕೆ, ತಾನು ಒಣಗೋದಕ್ಕೆ ಇರುವುದು.

ನಮ್ಮ ಮಲೆನಾಡು, ಕರಾವಳಿಯವರಿಗೆ ಇದನ್ನು ಯಾರೂ ಬಂದು ಕಲಿಸಬೇಕಿರಲಿಲ್ಲ. ಮುಂಗಾರಿಗೆ ಮುಂಚೆ ಅಡಿಕೆ ಸೋಗೆಯೋ ತೆಂಗಿನ ಗರಿಯೋ ಹೆಣೆದು ಮಳೆ ಹೊಡೆಯುವ ಕಡೆಯ ಗೋಡೆಗೆ ತಟ್ಟಿ ಕಟ್ಟುತ್ತಿದ್ದರು. ನಾಲ್ಕು ತಿಂಗಳು ಅದು ನೆನೆಯುತ್ತೆ, ಕಪ್ಪಾಗುತ್ತೆ, ಕೊಳೆಯುತ್ತೆ. ದೀಪಾವಳಿ ಹೊತ್ತಿಗೆ ಬಿಚ್ಚಿ ಗೊಬ್ಬರದ ಗುಂಡಿಗೆ ಹಾಕಿದರೆ ಹಿಂದಿನ ಗೋಡೆ ಹಾಗೇ ಇರುತ್ತೆ. ವರ್ಷಕ್ಕೊಂದು ಅಂಗಿ! ಮರದ ತೊಲೆ, ಕಂಬಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯೋದಿತ್ತು, ಗೆದ್ದಲು ಹತ್ತಿರ ಬರೋದಿಲ್ಲ ಅಂತ. ಕೈಗೆ ತಾಗಿದರೆ ಸುಡುವ ಆ ಎಣ್ಣೆಯ ವಾಸನೆ ಗೊತ್ತಿದ್ದವರಿಗೆ ಬೇರೆ ಹೇಳಬೇಕಿಲ್ಲ.

ಹತ್ತೊಂಬತ್ತನೇ ಶತಮಾನದಲ್ಲಿ ಈ ಬಳಿಯುವ ಕೆಲಸ ಕಾರ್ಖಾನೆಗೆ ಹೋಯಿತು. 1838ರಲ್ಲಿ ಜಾನ್ ಬೆಥೆಲ್ ಎಂಬ ಇಂಗ್ಲಿಷ್ ಸಂಶೋಧಕ ಕಲ್ಲಿದ್ದಲ ಟಾರಿನ ಎಣ್ಣೆಯನ್ನು ಒತ್ತಡ ಹಾಕಿ ಮರದೊಳಗೆ ತುಂಬುವ ವಿಧಾನಕ್ಕೆ ಪೇಟೆಂಟ್ ಪಡೆದ. ರೈಲ್ವೆ ಸ್ಲೀಪರುಗಳ ಕಪ್ಪು ಬಣ್ಣ, ಆ ಘಾಟು ಅಲ್ಲಿಂದ ಬಂದದ್ದು. ಇಂಗ್ಲೆಂಡಿನ ತೋಟದ ಶೆಡ್ಡುಗಳೂ ಅದನ್ನೇ ಬಳಿದುಕೊಂಡವು. ನೂರು ವರ್ಷ ಕಳೆದ ಮೇಲೆ ಇನ್ನೊಂದು ದೊಡ್ಡ ಹೆಜ್ಜೆ ಇಟ್ಟವರು ನಮ್ಮವರು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಸೊಂಟಿ ಕಾಮೇಶನ್ 1933ರಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ ಲವಣದ ದ್ರಾವಣ ಕಂಡುಹಿಡಿದರು. ತಾಮ್ರ ಶಿಲೀಂಧ್ರಕ್ಕೆ, ಆರ್ಸೆನಿಕ್ ಹುಳುವಿಗೆ, ಕ್ರೋಮಿಯಂ ಇವೆರಡನ್ನೂ ಮರಕ್ಕೆ ಕಚ್ಚಿಸೋದಕ್ಕೆ. ಅಮೆರಿಕ, ಯುರೋಪಿನ ಹಿತ್ತಲುಗಳಲ್ಲಿ ತೆಳು ಹಸಿರು ಛಾಯೆಯ ಬೇಲಿ, ಜಗಲಿ, ಮಂಟಪ ಹಬ್ಬಿದ್ದು ಈ ದ್ರಾವಣದಿಂದ. ಕೊನೆಗೆ ಆರ್ಸೆನಿಕ್ ಮಣ್ಣಿಗೆ ಇಳಿಯುತ್ತೆ, ಮಕ್ಕಳ ಕೈಗೆ ಹತ್ತುತ್ತೆ ಎಂಬ ಆತಂಕ ಎದ್ದು, 2003ರ ಕೊನೆಗೆ ಅಮೆರಿಕದಲ್ಲಿ ಮನೆ ಬಳಕೆಯ ಮರಕ್ಕೆ ಅದನ್ನು ತುಂಬೋದು ನಿಂತಿತು. ಅಂದಹಾಗೆ ಈ ದ್ರಾವಣ ತುಂಬಿದ ಮರವೂ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗೋದು ತಪ್ಪೋದಿಲ್ಲ. ಅದು ತಡೆಯೋದು ಕೊಳೆಯನ್ನು, ಬಣ್ಣವನ್ನಲ್ಲ.

ಈ ಎರಡನ್ನು ಬೇರೆ ಮಾಡಿ ನೋಡದಿದ್ದರೆ ಏನಾಗುತ್ತೆ ಅಂತ ಕಳೆದ ವರ್ಷ ಕಣ್ಣಾರೆ ನೋಡಿದೆ. ನನ್ನ ಅಕ್ಕ ಇರುವ ಬಡಾವಣೆಯ ಪಾರ್ಕಿನಲ್ಲಿ ಒಂದು ಮರದ ಮಂಟಪ ಇತ್ತು. ಅರ್ಧ ಗೋಡೆಗೆ ಹಲಗೆ ಬಡಿದಿದ್ದರು. ಸಂಜೆ ವಯಸ್ಸಾದವರು ಕೂರುತ್ತಿದ್ದರು, ಬೆಳಿಗ್ಗೆ ಹೆಂಗಸರ ಯೋಗ. ಹತ್ತು ವರ್ಷಕ್ಕೆ ಹಲಗೆ ಬೂದಿ ಬಣ್ಣಕ್ಕೆ ಬಂತು. ಮರ ಸತ್ತುಹೋಗಿದೆ, ಅಪಾಯ, ಕೆಡವಬೇಕು ಅಂತ ಸಂಘದ ಸಭೆಯಲ್ಲಿ ತೀರ್ಮಾನ ಆಯಿತು. ಕೆಡವೋದಕ್ಕೆ ಬಂದ ಬಡಗಿ, ಅರವತ್ತು ದಾಟಿದ ಮನುಷ್ಯ, ಸ್ಕ್ರೂಡ್ರೈವರ್ ತಗೊಂಡು ಹಲಗೆ ಹಲಗೆಗೂ ಚುಚ್ಚಿ ನೋಡಿದರು. ಎಲ್ಲೂ ಇಳಿಯಲಿಲ್ಲ. ಬುಡದಲ್ಲಿ, ಹೂವಿನ ಪಾತಿಯ ಮಣ್ಣು ರಾಶಿ ಬಿದ್ದಿದ್ದ ಕಡೆ, ನಾಲ್ಕು ಬೆರಳಿನಷ್ಟು ಮಾತ್ರ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಮಣ್ಣು ಸರಿಸಿ, ಕೆಳಗಿನ ಹಲಗೆ ಬದಲಾಯಿಸಿ, ಕಂಬದ ಬುಡಕ್ಕೆ ಕಲ್ಲು ಕೊಟ್ಟರೆ ಇನ್ನೂ ಇಪ್ಪತ್ತು ವರ್ಷ ಯೋಚನೆ ಇಲ್ಲ ಸಾರ್ ಅಂದರು. ಯಾರೂ ಕೇಳಿಸಿಕೊಳ್ಳಲಿಲ್ಲ, ಹೊಸದಕ್ಕೆ ಆರ್ಡರ್ ಕೊಟ್ಟಾಗಿತ್ತು. ಕಿತ್ತ ಹಲಗೆಯೊಂದಕ್ಕೆ ಅವರು ಅಲ್ಲೇ ಉಜ್ಜುಗೊರಡು ಎಳೆದು ತೋರಿಸಿದರು. ಎರಡು ಎಳೆತಕ್ಕೆ ಹೊಸ ಮರದ ಜೇನು ಬಣ್ಣ.

ಈಗ ಅಲ್ಲಿ ಅಲ್ಯೂಮಿನಿಯಂ ಮಂಟಪ ಇದೆ, ಮೇಲೆ ಮರದ ಗೆರೆಗಳ ಸ್ಟಿಕ್ಕರ್. ಹಗಲು ಹೊತ್ತು ಕಾಯ್ದು ಕೂರೋದಕ್ಕೆ ಆಗೋದಿಲ್ಲ ಅಂತ ಅಕ್ಕನ ದೂರು. ಅದೇ ಬಡಾವಣೆಯ ಮುಂದಿನ ರಸ್ತೆಯ ಕಾಫಿ ಅಂಗಡಿಯ ಗೋಡೆಗೆ ಹೊಸ ಹಲಗೆ ತಂದು, ಉಜ್ಜಿ, ಬೂದಿ ಬಣ್ಣ ಬಳಿದು, ಹಳತು ಮಾಡಿ ಬಡಿದಿದ್ದಾರೆ. ನಿಜವಾದ ಬೂದಿ ಬಣ್ಣ ಗುಜರಿಗೆ, ನಕಲಿ ಬೂದಿ ಬಣ್ಣ ಗೋಡೆಗೆ. ರಾಣಿ ಬಂದು ನೋಡಿದ್ದರೆ ಖುಷಿ ಪಡುತ್ತಿದ್ದಳು.

ತೋಟದಲ್ಲಿ ನಿಂತ ಮರದ ಮನೆಗಳು ಉಳಿದದ್ದು ಯಜಮಾನರ ಅಭಿರುಚಿಯಿಂದಲ್ಲ. ಮುಪ್ಪನ್ನು ಪ್ರೀತಿಸಿದವರ ಕಟ್ಟಡವೂ ಬಿತ್ತು, ಮುಪ್ಪನ್ನು ಮುಚ್ಚಿಟ್ಟವರ ಕಟ್ಟಡವೂ ಉಳಿಯಿತು. ಉಳಿದ ಕಡೆಯೆಲ್ಲ ಹೆಸರಿಲ್ಲದ ಯಾರೋ ಮಾಡಿನ ಮೇಲೆ ಹತ್ತಿ ಎಲೆ ಗುಡಿಸಿದ್ದಾರೆ, ಹೊಡೆದುಹೋದ ಹಂಚು ಬದಲಿಸಿದ್ದಾರೆ, ಬುಡದ ಮಣ್ಣು ಎಳೆದಿದ್ದಾರೆ, ಮಳೆ ಬಂದಾಗ ಪರದೆ ಇಳಿಸಿದ್ದಾರೆ. ಇತಿಹಾಸದ ಪುಸ್ತಕದಲ್ಲಿ ಅವರಿಗೆ ಒಂದು ಸಾಲೂ ಸಿಕ್ಕಿಲ್ಲ.

ನಿಮ್ಮ ಹಿತ್ತಲಲ್ಲೋ ತೋಟದಲ್ಲೋ ಬೂದಿ ಬಣ್ಣಕ್ಕೆ ತಿರುಗಿದ ಹಲಗೆಯ ಒಂದು ಕೋಣೆ ಇದ್ದರೆ, ಕೆಡವುವ ಮಾತು ಬಂದಾಗ ದಯವಿಟ್ಟು ಒಂದು ಚಾಕು ತಗೊಂಡು ಹೋಗಿ. ಮೈ ಬಣ್ಣ ನೋಡಬೇಡಿ. ಬಗ್ಗಿ ಬುಡಕ್ಕೆ ಚುಚ್ಚಿ ನೋಡಿ. ಚಾಕು ಇಳಿದರೆ ಬಡಗಿಯನ್ನು ಕರೆಯಿರಿ. ಇಳಿಯದಿದ್ದರೆ ಬುಡದ ಮಣ್ಣು ಸರಿಸಿ, ದೋಣಿಯ ಎಲೆ ತೆಗೆದು, ಅದನ್ನು ಅದರ ಪಾಡಿಗೆ ಬಿಡಿ.